ಖುರಾಸಾನ್ ಎಂದು ಬರೆದ ಬಟ್ಟಲು

ಹಿರಿಯರ ಬೆರಳಿನಲ್ಲಿ ಫಿರೋಜಾ ಹರಳಿನ ಉಂಗುರವನ್ನು ನೀವು ನೋಡಿರಬಹುದು. ಹಸಿರು ಬೆರೆತ ನೀಲಿಯ ಆ ಹರಳು ಸಾಮಾನ್ಯವಾಗಿ ಉಗುರಿನಷ್ಟು ಚಿಕ್ಕದು. ಆದರೆ ಅದೇ ಬಣ್ಣದ, ಅಂಗೈಗಿಂತ ಅಗಲವಾದ ಬಟ್ಟಲೊಂದು ಇಟಲಿಯ ವೆನಿಸ್ ನಗರದ ಸಂತ ಮಾರ್ಕನ ಚರ್ಚಿನ ಖಜಾನೆಯಲ್ಲಿದೆ. ಇರಾನಿನ ದೊರೆ ಉಜುನ್ ಹಸನ್ ಇದನ್ನು 1472ರಲ್ಲಿ ವೆನಿಸ್ ಗಣರಾಜ್ಯಕ್ಕೆ ಉಡುಗೊರೆಯಾಗಿ ಕೊಟ್ಟನೆಂಬ ಪ್ರತೀತಿಯಿದೆ. ಆಗ ಉಸ್ಮಾನಿ ತುರ್ಕರ ವಿರುದ್ಧ ಇಬ್ಬರೂ ಮಿತ್ರರಾಗಿದ್ದರು.

ಬಟ್ಟಲಿನ ಸುತ್ತ ಐದು ಮುಖಗಳಿವೆ. ಪ್ರತಿಯೊಂದರಲ್ಲೂ ಓಡುವ ಮೊಲದ ಉಬ್ಬುಚಿತ್ರ. ತಳದಲ್ಲಿ ಕೂಫಿ ಲಿಪಿಯಲ್ಲಿ ಒಂದೇ ಪದ: ಖುರಾಸಾನ್. ಆ ಪ್ರಾಂತ್ಯದ ನಿಶಾಪುರ ಫಿರೋಜಾ ಗಣಿಗಳಿಗೆ ಹೆಸರಾದ ಊರು. ಹೀಗಾಗಿ ಇದನ್ನು ಒಂದೇ ಫಿರೋಜಾ ಕಲ್ಲಿನಲ್ಲಿ ಕೊರೆದದ್ದೆಂದು ಜನ ಬಹುಕಾಲ ನಂಬಿದ್ದರು. ಕಲ್ಲೆಂದೇ ಬಗೆದು ಅದಕ್ಕೆ ತಕ್ಕ ಒಡವೆಯನ್ನೂ ತೊಡಿಸಿದರು. ಚಿನ್ನದ ಲೇಪದ ಬೆಳ್ಳಿಯ ಕಟ್ಟು, ಹರಳುಗಳು, ಬೈಜಾಂಟಿಯಂನ ಮೀನಾ ಕೆಲಸ, ಇವೆಲ್ಲ ಆಮೇಲೆ ಸೇರಿದವು.

ನಿಜವೇನೆಂದರೆ, ಅದು ಗಾಜು. 9-10ನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಫಿರೋಜಾ ಬಂಡೆಯ ಬಿರುಕುಗಳಲ್ಲಿ ತೆಳುವಾಗಿ ಸಿಗುವ ಕಲ್ಲು. ಅಷ್ಟು ದೊಡ್ಡ ತುಂಡು ಸಿಗುವುದು ಅತಿ ವಿರಳ. ಗಾಜಿಗಾದರೋ ತಾಮ್ರದ ಅಂಶ ಬೆರೆಸಿ ಆ ಬಣ್ಣ ತರಬಹುದು.

"ಹಾಗಾದರೆ ಇದು ಮೋಸವಲ್ಲವೇ?" ಎಂದು ನೀವು ಕೇಳಬಹುದು. ಗಾಜನ್ನು ಫಿರೋಜಾ ಎಂದು ತೋರಿಸಲೆಂದೇ ಆ ಪದ ಕೆತ್ತಿರಬಹುದೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ನಮ್ಮ ಹಿಂದಿನವರ ಬಗ್ಗೆ ಬರೆಯುವಾಗ ಹೊಗಳಿಕೆಯನ್ನಷ್ಟೇ ಬರೆದು, ಉಳಿದದ್ದನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿದೆ. ಅದು ಇತಿಹಾಸವಾಗುವುದಿಲ್ಲ.

ಆದರೆ ಇನ್ನೊಂದು ಮಾತನ್ನೂ ಯೋಚಿಸಿ. ಕಲ್ಲು ನೆಲದಲ್ಲಿ ತಾನಾಗಿ ಸಿಗುತ್ತದೆ, ಗಾಜನ್ನು ಮನುಷ್ಯನೇ ಮಾಡಬೇಕು. ಮರಳು ಮತ್ತು ಕ್ಷಾರವನ್ನು ಕುಲುಮೆಯಲ್ಲಿ ಕರಗಿಸಿ, ಬಣ್ಣದ ಹದ ಕಂಡುಕೊಂಡು, ಆರಿದ ಮೇಲೆ ಸುತ್ತಲ ಗಾಜನ್ನೆಲ್ಲ ಉಜ್ಜಿ ತೆಗೆದು ಮೊಲವನ್ನು ಮಾತ್ರ ಉಬ್ಬಾಗಿ ಉಳಿಸಬೇಕು. ಕೈ ತಪ್ಪಿದರೆ ಬಟ್ಟಲೇ ಸೀಳಿಹೋಗುತ್ತದೆ. ಆ ಕುಶಲಕರ್ಮಿಯ ಹೆಸರು ಎಲ್ಲಿಯೂ ಇಲ್ಲ.

ಮುಂದೆ ನೀವು ಯಾವ ಹಳೆಯ ವಸ್ತುವನ್ನು ಕಂಡರೂ ಮೂರು ಪ್ರಶ್ನೆ ಕೇಳಿ: ಇದು ಯಾವುದರಿಂದ ಆಗಿದೆ? ಇದರ ಮೇಲೆ ಆಮೇಲೆ ಸೇರಿದ್ದೇನು? ಬರೆದ ಮಾತನ್ನು ವಸ್ತು ಒಪ್ಪುತ್ತದೆಯೇ? ಒಡವೆಯನ್ನೂ ಹೆಸರನ್ನೂ ಬದಿಗಿಟ್ಟು ನೋಡಿದಾಗ ಉಳಿಯುವ ಹಿರಿಮೆಯೇ ನಿಜವಾದ ಹಿರಿಮೆ. ಈ ಬಟ್ಟಲಿಗೆ ಅದು ಧಾರಾಳವಾಗಿ ಇದೆ.