ಓಟದ ಚೆಲುವು, ಹೊರೆಯ ಲೆಕ್ಕ

ಅಮರಗೋಳದ ಎಪಿಎಂಸಿ ಪ್ರಾಂಗಣದ ಹೊರಗಿನ ಚಹದಂಗಡಿಯೊಂದರಲ್ಲಿ ಈಚೆಗೆ ಕಿವಿಗೆ ಬಿದ್ದ ಮಾತಿದು. ನಾಲ್ಕೈದು ಕಾಲೇಜು ಹುಡುಗರು ಮೊಬೈಲಿನಲ್ಲಿ ಕಾರುಗಳ ಚಿತ್ರ ನೋಡುತ್ತ ವಾದಕ್ಕೆ ಬಿದ್ದಿದ್ದರು. ಒಬ್ಬನಿಗೆ ನೆಲಕ್ಕೆ ಕಚ್ಚಿಕೊಂಡಂತಿರುವ ಕೆಂಪು ಸ್ಪೋರ್ಟ್ಸ್ ಕಾರೇ ಕಾರು. ಅಮೆರಿಕದ ಟೆಸ್ಲಾ ಕಂಪನಿಯ ಸೈಬರ್‌ಟ್ರಕ್ ಎಂಬ ವಿದ್ಯುತ್ ಟ್ರಕ್ಕೇ ಮುಂದಿನ ಕಾಲದ್ದು ಎಂದು ಇನ್ನೊಬ್ಬನ ಹಟ. ‘ಅದು ಟ್ರಕ್ ಅಲ್ಲಲೇ, ತಗಡಿನ ಕಪಾಟು’ ಎಂದು ಮೂರನೆಯವನು ನಕ್ಕ. ಪಕ್ಕದಲ್ಲಿ ಬಸಿಗೆ ಸುರುವಿಕೊಂಡು ಚಹಾ ಹೀರುತ್ತಿದ್ದ ಸಣ್ಣ ಗೂಡ್ಸ್ ಗಾಡಿಯ ಚಾಲಕರೊಬ್ಬರನ್ನು ಅವರು ಪಂಚಾಯ್ತಿಗೆ ಎಳೆದರು: ‘ಕಾಕಾ, ನೀವ ಹೇಳ್ರಿ, ಯಾವ್ದು ಚಲೋ ಐತಿ?’ ಆ ಹಿರಿಯರು ಎರಡೂ ಚಿತ್ರಗಳನ್ನು ಸಾವಕಾಶವಾಗಿ ನೋಡಿದರು. ‘ಎರಡೂ ಚಂದ ಅದಾವ ತಮ್ಮಾ. ಇದರಾಗ ಉಳ್ಳಾಗಡ್ಡಿ ಚೀಲ ಎಷ್ಟು ಹಿಡೀತಾವ, ಅದನ್ನ ಹೇಳು ಮೊದಲ’ ಎಂದರು.

ಮಾತು ನಗೆಯಲ್ಲಿ ಮುಗಿಯಿತು. ಆದರೆ ಆ ಪ್ರಶ್ನೆ ನಗೆಯಾಡಿ ಬಿಡುವಂಥದಲ್ಲ. ವಾಹನದ ಚೆಲುವು ದೊಡ್ಡದೋ, ಅದರ ದುಡಿಮೆ ದೊಡ್ಡದೋ ಎಂಬ ಜಗಳಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದರಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ.

ಮೋಟಾರು ಬರುವ ಮೊದಲು ನಮ್ಮ ಭಾಗದಲ್ಲಿ ಈ ಜಗಳಕ್ಕೆ ಎಡೆಯಿರಲಿಲ್ಲ. ಉಳ್ಳವರ ಮನೆಯಂಗಳದಲ್ಲಿ ಎರಡು ಬಗೆಯ ಬಂಡಿಗಳಿರುತ್ತಿದ್ದವು. ಹೊಲಕ್ಕೆ ಗೊಬ್ಬರ ಸಾಗಿಸಲು, ಪೇಟೆಗೆ ಹತ್ತಿ–ಜೋಳ ಒಯ್ಯಲು ಚಕ್ಕಡಿ. ಜಾತ್ರೆಗೆ, ಬೀಗರೂರಿಗೆ ಹೋಗಲು ಹಗುರವಾದ ಸವಾರಿ ಬಂಡಿ. ಎರಡರ ಕೆಲಸವೂ ಬೇರೆ, ರೂಪವೂ ಬೇರೆ. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಸಣ್ಣ ಮನೆತನಕ್ಕೆ ಒಂದೇ ಬಂಡಿ ಇದ್ದರೆ ಗೊಬ್ಬರ ಹೇರಿದ ಚಕ್ಕಡಿಯನ್ನೇ ತೊಳೆದು ಜಾತ್ರೆಗೆ ಕಟ್ಟುತ್ತಿದ್ದರು.

ಗಾಳಿ ತಿದ್ದಿದ ರೂಪ

ಸ್ಪೋರ್ಟ್ಸ್ ಕಾರಿನ ತಗ್ಗಾದ, ಚೂಪಾದ ರೂಪ ಬರಿಯ ಶೋಕಿಯಿಂದ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಗಾಡಿಗೆ ಗಾಳಿ ದೊಡ್ಡ ವೈರಿಯೇನಲ್ಲ. 160 ಕಿ.ಮೀ. ವೇಗದಲ್ಲಿ ಆ ತಡೆ ಹದಿನಾರು ಪಟ್ಟು. ಆದ್ದರಿಂದ ಓಟದ ಕಾರಿನ ಮೂತಿ ಚೂಪಾಯಿತು, ಮಾಡು ತಗ್ಗಿತು. ತಿರುವಿನಲ್ಲಿ ಮಗುಚದಿರಲೆಂದು ಅದರ ಭಾರವನ್ನು ನೆಲದ ಹತ್ತಿರಕ್ಕೆ ಇಳಿಸಲಾಯಿತು. ಅಂದರೆ ಆ ಚೆಲುವೂ ಮೂಲದಲ್ಲಿ ಕೆಲಸದ ಫಲವೇ.

ಕೆಲಸ ಹಿಂದೆ ಸರಿದು ರೂಪವೇ ಮಾರಾಟದ ಸರಕಾದದ್ದು ಆಮೇಲಿನ ಕತೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1927ರಲ್ಲಿ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನ ಕೈಕೆಳಗೆ ಕಾರಿನ ಅಂದ ಮತ್ತು ಬಣ್ಣಕ್ಕೆಂದೇ ಒಂದು ವಿಭಾಗ ತೆರೆಯಿತು. ಎಂಜಿನ್ ಅದೇ ಇದ್ದರೂ ಮೈ ಬದಲಿಸಿ ಹೊಸ ಕಾರೆಂದು ಮಾರುವ ಪದ್ಧತಿ ಬಲವಾಗಿ ಬೇರೂರಿತು. ಗಂಟೆಗೆ ನಲವತ್ತರ ಮೇಲೆ ಹೋಗಲಾಗದ ಪೇಟೆಯ ರಸ್ತೆಯಲ್ಲೂ ನೂರಾರವತ್ತರ ರೂಪ ಬೇಕೆನಿಸಿದ್ದು ಹೀಗೆ.

ಹಾಲಿನ ಗಾಡಿಯ ಪಾಠ

ವಿದ್ಯುತ್ ವಾಹನದ ಹಾದಿ ಇದಕ್ಕೆ ವಿರುದ್ಧವಾಗಿತ್ತು. 1900ರ ಹೊತ್ತಿಗೆ ಅಮೆರಿಕದ ರಸ್ತೆಗಳಲ್ಲಿ ಉಗಿ, ಪೆಟ್ರೋಲ್, ವಿದ್ಯುತ್ ಮೂರೂ ಬಗೆಯ ಕಾರುಗಳು ಸರಿಸಮನಾಗಿ ಪೈಪೋಟಿ ನಡೆಸಿದ್ದವು. ವಿದ್ಯುತ್ ಕಾರಿನಲ್ಲಿ ಸದ್ದಿಲ್ಲ, ಹೊಗೆಯಿಲ್ಲ, ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ ತಿರುಗಿಸುವ ಕಷ್ಟವಿಲ್ಲ. ಆದರೆ ಪೆಟ್ರೋಲ್ ಅಗ್ಗವಾಯಿತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್–ಟಿ ಕಾರು ಜನಸಾಮಾನ್ಯರ ಕೈಗೆಟುಕಿತು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದು ಹ್ಯಾಂಡಲಿನ ಕಷ್ಟವೂ ತಪ್ಪಿತು. ವಿದ್ಯುತ್ ಕಾರು ಮರೆಗೆ ಸರಿಯಿತು.

ವಿದ್ಯುತ್ ಕಾರು ಹೋದರೂ ಹೊರೆ ಹೊರುವ ವಿದ್ಯುತ್ ಗಾಡಿ ಹೋಗಲಿಲ್ಲ. ಬ್ರಿಟನ್ನಿನಲ್ಲಿ ನಸುಕಿನಲ್ಲಿ ಮನೆಮನೆಗೆ ಹಾಲಿನ ಬಾಟಲಿ ತಲುಪಿಸುವ ಸಾವಿರಾರು ಗಾಡಿಗಳು ದಶಕಗಳ ಕಾಲ ಬ್ಯಾಟರಿಯಿಂದಲೇ ಓಡಿದವು. ಕಾರಣ ಸರಳ. ದಿನವೂ ಅದೇ ದಾರಿ, ಅಷ್ಟೇ ದೂರ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು, ಮತ್ತೆ ಹೊರಡಬೇಕು. ಸದ್ದಾದರೆ ಜನರ ನಿದ್ದೆ ಕೆಡುತ್ತದೆ. ಮಧ್ಯಾಹ್ನ ಡಿಪೋಗೆ ಮರಳಿದರೆ ರಾತ್ರಿಯೆಲ್ಲ ಚಾರ್ಜಿಗೆ ಹಚ್ಚಬಹುದು. ನೋಡಲು ಅವು ಚಕ್ರದ ಮೇಲಿನ ಪೆಟ್ಟಿಗೆಗಳೇ. ಆದರೆ ಕೆಲಸಕ್ಕೆ ಒಪ್ಪಿದ ಪೆಟ್ಟಿಗೆಗಳು.

ಬೆಂಗಳೂರಿನ ಮೂರು ಪ್ರಯೋಗಗಳು

ಈಗ ನಮ್ಮ ನಾಡಿಗೆ ಬರೋಣ. ಸಣ್ಣ ಕಾರಿನ ರೂಪ ಹೇಗಿರಬೇಕೆಂಬ ಬಗ್ಗೆ ಬೆಂಗಳೂರಿನಲ್ಲಿ ಮೂರು ದಿಟ್ಟ ಪ್ರಯೋಗಗಳು ನಡೆದವು.

ಮೊದಲನೆಯದು ಸಿಪಾನಿ. 1970ರ ದಶಕದಲ್ಲಿ ಫೈಬರ್ ಗ್ಲಾಸ್ ಮೈಯ, ಮೂರು ಚಕ್ರದ ‘ಬಾದಲ್’ ಕಾರನ್ನು ತಯಾರಿಸಿದ ಈ ಸಂಸ್ಥೆ, 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮಾದರಿಯಲ್ಲಿ ‘ಡಾಲ್ಫಿನ್’ ಹೊರತಂದಿತು. ಅದು ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಓಟದ ಹುಚ್ಚಿದ್ದವರಿಗೆ ಅಚ್ಚುಮೆಚ್ಚಾಯಿತು. ಆದರೆ ಅದಕ್ಕೆ ಎರಡೇ ಬಾಗಿಲು. ಹಿರಿಯರು, ಮಕ್ಕಳು, ಚೀಲ, ಬುತ್ತಿ ಎಲ್ಲವನ್ನೂ ಹೇರಿಕೊಂಡು ಹೊರಡುವ ಸಂಸಾರಕ್ಕೆ ಎರಡು ಬಾಗಿಲು ಸಾಲದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಸಿಪಾನಿ ಮುಂದೆ ‘ಮೊಂಟಾನಾ’ ಕಾರಿಗೆ ಹೆಚ್ಚಿನ ಬಾಗಿಲು ಇಟ್ಟರೂ ಹೊತ್ತು ಮೀರಿತ್ತು.

ಎರಡನೆಯದು ಅಪ್ಪಟ ಚೆಲುವಿನ ಕತೆ. ರೈಲು ಎಂಜಿನ್ ತಯಾರಿಸುವ ಬೆಂಗಳೂರಿನ ಸ್ಯಾನ್ ಸಂಸ್ಥೆಯ ಬಳಗದಿಂದ 1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಹೊರಬಂತು. ಫೈಬರ್ ಗ್ಲಾಸ್ ಮೈ, ಫ್ರಾನ್ಸಿನ ರೆನೊ ಕಂಪನಿಯ 1.2 ಲೀಟರ್ ಎಂಜಿನ್. ಮಾಡು ತೆರೆದು ಓಡಿಸಬಹುದಾದ ಆ ಕಾರು ಕಂಡರೆ ಜನ ನಿಂತು ನೋಡುತ್ತಿದ್ದರು. ಆದರೆ ಕೊಂಡವರು ಬೆರಳೆಣಿಕೆಯ ಮಂದಿ. ಬಿಸಿಲು, ಧೂಳು, ತಗ್ಗು–ದಿನ್ನೆಗಳ ನಾಡಿನಲ್ಲಿ ಅದು ಕಣ್ಣಿಗೆ ಬೇಕಾದ ಕಾರಾಗಿತ್ತು, ಮನೆಗೆ ಬೇಕಾದ ಕಾರಾಗಿರಲಿಲ್ಲ.

ಮೂರನೆಯದು ‘ರೇವಾ’. ಇದರ ರೂವಾರಿ ಚೇತನ್ ಮೈನಿ ಓಟದ ಅಂಗಳದಿಂದಲೇ ಬಂದವರೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕದಲ್ಲಿ 1990ರಲ್ಲಿ ನಡೆದ ಸೌರಶಕ್ತಿ ಕಾರುಗಳ ಓಟದಲ್ಲಿ ಗೆದ್ದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡದಲ್ಲಿ ಅವರಿದ್ದರು. ಬೆಂಗಳೂರಿನ ಮೈನಿ ಸಮೂಹ ಅಮೆರಿಕದ ಕಂಪನಿಯೊಂದರ ಜತೆಗೂಡಿ 1994ರಲ್ಲಿ ಸ್ಥಾಪಿಸಿದ ಸಂಸ್ಥೆ, 2001ರಲ್ಲಿ ರೇವಾ ಕಾರನ್ನು ಮಾರುಕಟ್ಟೆಗೆ ತಂದಿತು. ಉದ್ದ ಸುಮಾರು 2.6 ಮೀಟರ್ ಮಾತ್ರ. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಎಂಟು ಸೀಸದ ಬ್ಯಾಟರಿಗಳು. ಅವುಗಳದ್ದೇ ಕಾರಿನ ತೂಕದ ಮೂರನೇ ಒಂದು ಪಾಲಿಗೂ ಹೆಚ್ಚು. ಮನೆಯ ಪ್ಲಗ್ಗಿಗೆ ಹಚ್ಚಿದರೆ ಸುಮಾರು ಎಂಟು ತಾಸಿನಲ್ಲಿ ಚಾರ್ಜ್. ಒಮ್ಮೆ ಚಾರ್ಜಾದರೆ ಸುಮಾರು 80 ಕಿ.ಮೀ. ಓಟ.

ಲೆಕ್ಕಕ್ಕೆ ರೇವಾ ಸೋತಿರಲಿಲ್ಲ. ನಗರದಲ್ಲಿ ದಿನಕ್ಕೆ 80 ಕಿ.ಮೀ. ಓಡಾಡುವವರು ಎಷ್ಟು ಮಂದಿ? ಲಂಡನ್ನಿನಲ್ಲಿ ‘ಜಿ–ವಿಜ್’ ಎಂಬ ಹೆಸರಿನಲ್ಲಿ ಅದು ನೂರಾರು ಸಂಖ್ಯೆಯಲ್ಲಿ ಓಡಿತು. ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ 2003ರಲ್ಲಿ ಹೇರಿದ ದಟ್ಟಣೆ ಶುಲ್ಕದಿಂದ ವಿದ್ಯುತ್ ವಾಹನಕ್ಕೆ ವಿನಾಯಿತಿ ಇತ್ತು. ಅಲ್ಲಿನ ಕಾರುಪ್ರಿಯರು ಮಾತ್ರ ಅದರ ಗೊಂಬೆಯಂಥ ರೂಪವನ್ನು ಎಡೆಬಿಡದೆ ಗೇಲಿ ಮಾಡಿದರು. 2007ರಲ್ಲಿ ಅಲ್ಲಿ ನಡೆದ ಡಿಕ್ಕಿ ಪರೀಕ್ಷೆಗಳ ಬಳಿಕ ಅದರ ಸುರಕ್ಷತೆಯ ಬಗೆಗೂ ಗಂಭೀರ ಪ್ರಶ್ನೆಗಳೆದ್ದವು. ರೂಪದ ಗೇಲಿಯನ್ನು ಸಹಿಸಿಕೊಳ್ಳಬಹುದು. ಈ ಎರಡನೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಊರಿನಲ್ಲಂತೂ ಮನೆಗೊಂದೇ ಕಾರು ಕೊಳ್ಳುವವರಿಗೆ ಅದೇ ಕಾರು ಮದುವೆಗೂ ಬೇಕು, ಪರವೂರಿಗೂ ಬೇಕು, ನಾಲ್ಕು ಜನರ ಮುಂದೆ ಮಾನಕ್ಕೂ ಬೇಕು.

ಸಂಸ್ಥೆಗೆ ಇದು ತಿಳಿಯಲಿಲ್ಲವೆಂದಲ್ಲ. 2009ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ದಿಲೀಪ್ ಛಾಬ್ರಿಯಾ ವಿನ್ಯಾಸದ ಎರಡು ಸೀಟಿನ ಸೊಗಸಾದ ವಿದ್ಯುತ್ ಕಾರಿನ ಮಾದರಿಯೊಂದನ್ನು ಅದು ಮುಂದಿಟ್ಟಿತ್ತು. ಅದು ಮಾದರಿಯಾಗಿಯೇ ಉಳಿಯಿತು. 2010ರಲ್ಲಿ ಸಂಸ್ಥೆಯ ಹೆಚ್ಚಿನ ಪಾಲು ಮಹೀಂದ್ರಾ ಕೈಸೇರಿತು. 2013ರಲ್ಲಿ ಬಂದ ‘ಇ2ಒ’ ಕಾರೂ ಹೆಚ್ಚು ಕಾಲ ಬಾಳಲಿಲ್ಲ. ಕೊನೆಗೆ ಆ ಪರಂಪರೆಗೆ ನೆಲೆ ಸಿಕ್ಕಿದ್ದು ಎಲ್ಲಿ? ಬೆಂಗಳೂರಿನಲ್ಲೇ ತಯಾರಾದ ‘ಟ್ರಿಯೊ’ ಎಂಬ ಮೂರು ಚಕ್ರದ ರಿಕ್ಷಾದಲ್ಲಿ, 2020ರಲ್ಲಿ ಬಂದ ಅದರ ಸರಕು ರೂಪವಾದ ‘ಟ್ರಿಯೊ ಜೋರ್’ನಲ್ಲಿ. ಸೂರ್ಯನ ಬೆಳಕಿನ ಓಟದ ಕಾರಿನಿಂದ ಶುರುವಾದ ಪಯಣ 550 ಕಿಲೊ ಹೊರೆ ಹೊರುವ ಗಾಡಿಗೆ ಬಂದು ಮುಟ್ಟಿತು. ಇದನ್ನು ಸೋಲೆನ್ನಬೇಕೋ, ದಡ ಮುಟ್ಟಿದ್ದೆನ್ನಬೇಕೋ ಓದುಗರೇ ನಿರ್ಧರಿಸಲಿ.

ಅರ್ಧ ಎಂಜಿನ್ನಿನ ಆನೆ

ಹಾಗಾದರೆ ದುಡಿಮೆಯ ಗಾಡಿಗೆ ರೂಪ ಬೇಡವೆ? ಟಾಟಾ ಏಸ್ ಗಾಡಿಯ ಕತೆ ಬೇರೆಯೇ ಉತ್ತರ ಹೇಳುತ್ತದೆ. ‘ಛೋಟಾ ಹಾಥಿ’ ಎಂದು ಹೆಸರಾದ ಈ ಪುಟ್ಟ ಟ್ರಕ್ ಬಂದದ್ದು 2005ರ ಮೇ ತಿಂಗಳಲ್ಲಿ. ಇಂಡಿಕಾ ಕಾರಿನ ನಾಲ್ಕು ಸಿಲಿಂಡರ್ ಎಂಜಿನ್ನನ್ನು ಅರ್ಧ ಮಾಡಿದಂತೆ ಎರಡು ಸಿಲಿಂಡರಿನ, 702 ಸಿಸಿಯ ಎಂಜಿನ್. ಶಕ್ತಿ 16 ಅಶ್ವಶಕ್ತಿಯಷ್ಟೇ. ಸರಕು ರಿಕ್ಷಾಕ್ಕಿಂತ ದುಬಾರಿಯಾಗಿದ್ದರೂ ಜನ ಮುಗಿಬಿದ್ದರು. 2017ರ ಕೊನೆಯ ಹೊತ್ತಿಗೆ ಏಸ್ ಬಳಗದ 20 ಲಕ್ಷ ಗಾಡಿಗಳು ಮಾರಾಟವಾಗಿದ್ದವು. ಏಸ್‌ನ ಕಿರಿಯ ತಮ್ಮನಂತಿದ್ದ ‘ಏಸ್ ಜಿಪ್’ ತಯಾರಾದದ್ದು ನಮ್ಮ ಧಾರವಾಡದಲ್ಲೇ.

ಇದರ ಗೆಲುವಿಗೆ ಹೊರೆಯ ಲೆಕ್ಕವೊಂದೇ ಕಾರಣವಲ್ಲ. ಮೂರು ಚಕ್ರದ ಗಾಡಿಯವನಿಗೆ ಇಲ್ಲದ ಗೌರವ ನಾಲ್ಕು ಚಕ್ರದವನಿಗೆ ಇದೆ ಎಂಬುದನ್ನು ತಯಾರಕರು ಚಾಲಕರ ಬಾಯಿಂದಲೇ ಕೇಳಿ ತಿಳಿದಿದ್ದರು. ಏಸ್‌ಗೆ ಬಾಗಿಲಿತ್ತು, ಗಾಜಿತ್ತು, ಕಾರಿನಂಥ ಮುಖವಿತ್ತು, ಸ್ಟೀರಿಂಗ್ ಇತ್ತು. ಅದನ್ನು ಓಡಿಸುವವನು ‘ಗಾಡಿ ಮಾಲಕ’ನಾದ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು, ಝೂಲ ಹೊದಿಸಿ, ಗೆಜ್ಜೆ ಕಟ್ಟಿ ಮೆರೆಸುವ ನಾಡಿದು. ಮರುದಿನ ಅದೇ ಎತ್ತು ಹೊಲಕ್ಕೆ ಇಳಿಯುತ್ತದೆ. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಲಾರಿಯಿಂದ ಶುರುಮಾಡಿದ ಸಾರಿಗೆ ಸಂಸ್ಥೆ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಬೆಳೆದ ಊರಿನಲ್ಲಿ, ಲಾರಿಯ ಹಣೆಯ ಮೇಲೆ ಮನೆದೇವರ ಹೆಸರು, ಹಿಂಬದಿಗೆ ಹೂಬಳ್ಳಿ ಬರೆಸದೆ ರಸ್ತೆಗಿಳಿಸುವವರು ಕಡಿಮೆ. ದುಡಿಯುವವನಿಗೂ ಚೆಲುವು ಬೇಕು. ದುಡಿಮೆಗೆ ಅಡ್ಡಬರದ ಚೆಲುವು ಬೇಕು, ಅಷ್ಟೆ.

ಎರಡು ಲೀಟರ್ ಡೀಸೆಲ್ಲಿನ ಲೆಕ್ಕ

ಈಗ ಚಹದಂಗಡಿಯ ಪ್ರಶ್ನೆಗೆ ಮರಳೋಣ. ಟಾಟಾ ಏಸ್‌ನ ವಿದ್ಯುತ್ ಮಾದರಿ 2022ರ ಮೇ ತಿಂಗಳಲ್ಲಿ ಅನಾವರಣಗೊಂಡಿತು. ಬ್ಯಾಟರಿ 21.3 ಯೂನಿಟ್ ವಿದ್ಯುತ್ ಹಿಡಿಯುವಂಥದು. ಒಂದು ಚಾರ್ಜಿಗೆ 154 ಕಿ.ಮೀ. ಎಂದು ಕಂಪನಿಯ ಹೇಳಿಕೆ. ಹೊರೆ 600 ಕಿಲೊ. ಅಂದರೆ 50 ಕಿಲೊ ತೂಗುವ ಉಳ್ಳಾಗಡ್ಡಿ ಚೀಲ ಹನ್ನೆರಡು. 2024ರಲ್ಲಿ ಬಂದ ಒಂದು ಟನ್ನಿನ ಮಾದರಿಯಲ್ಲಾದರೆ ಇಪ್ಪತ್ತು.

ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ಟಿನಷ್ಟು ಶಕ್ತಿ ಅಡಗಿರುತ್ತದೆ. ಆ ಲೆಕ್ಕಕ್ಕೆ ಇಷ್ಟು ದೊಡ್ಡ ಬ್ಯಾಟರಿಯಲ್ಲಿರುವುದು ಎರಡೇ ಲೀಟರ್ ಡೀಸೆಲ್ಲಿನ ಕಸುವು. ಆದರೆ ಎಂಜಿನ್ ಡೀಸೆಲ್ಲಿನ ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆದುಬಿಡುತ್ತದೆ. ಮೂರನೇ ಒಂದು ಪಾಲಷ್ಟೇ ಚಕ್ರಕ್ಕೆ ಮುಟ್ಟುತ್ತದೆ. ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೇ ಕೊಡುತ್ತದೆ. ಮೇಲಾಗಿ ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಇಳಿಯುವಾಗ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ದುರ್ಗದಬೈಲಿನ ಸಂದಣಿಯಲ್ಲಿ ನಿಂತು ಹೊರಡುವ ಗಾಡಿಗೆ ಇದು ಒಳ್ಳೆಯದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ದಿನಕ್ಕೆ ಎರಡು ಸಲ ಹೋಗಿ ಬಂದರೆ 80 ಕಿ.ಮೀ. ರಾತ್ರಿ ಮನೆಗೆ ಮರಳಿ ಚಾರ್ಜಿಗೆ ಹಚ್ಚಿದರಾಯಿತು. ಬ್ರಿಟನ್ನಿನ ಹಾಲಿನ ಗಾಡಿಯ ಪಾಠ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಅದೇ ಗಾಡಿ ಅರಬೈಲ್ ಘಟ್ಟ ಇಳಿದು, ಸುಮಾರು 135 ಕಿ.ಮೀ. ದೂರದ ಅಂಕೋಲೆಗೆ ಹೋಗಿ, ಹೊರೆ ಹೇರಿಕೊಂಡು ಅಂದೇ ಘಟ್ಟ ಹತ್ತಿ ಬರಬೇಕೆಂದರೆ ಲೆಕ್ಕ ತಪ್ಪುತ್ತದೆ. ಕೊಳ್ಳುವ ಬೆಲೆ ಡೀಸೆಲ್ ಗಾಡಿಗಿಂತ ಹೆಚ್ಚು. ಸಾಲದ ಕಂತೂ ಹೆಚ್ಚು. ಚಾರ್ಜಿಗೆ ನಿಂತ ಹೊತ್ತು ದುಡಿಮೆ ಇಲ್ಲದ ಹೊತ್ತು. ಚೇತನ್ ಮೈನಿ 2017ರಿಂದ ಸನ್ ಮೊಬಿಲಿಟಿ ಸಂಸ್ಥೆಯ ಮೂಲಕ, ಬರಿದಾದ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಪಡೆಯುವ ವ್ಯವಸ್ಥೆಯತ್ತ ಹೊರಳಿದ್ದು ಈ ಹೊತ್ತು ಉಳಿಸುವುದಕ್ಕೇ.

ಕಾರುಪ್ರಿಯರ ವಾದ ಮುಂದೆಯೂ ನಡೆಯುತ್ತದೆ, ನಡೆಯಲಿ. ಸೋತ ಕಾರುಗಳಿಂದಲೂ ಕಲಿಯುವುದಿದೆ. ಸ್ಟಾರ್ಮ್‌ಗೆ ಚೆಲುವಿತ್ತು, ಕೆಲಸವಿರಲಿಲ್ಲ. ರೇವಾಕ್ಕೆ ಕೆಲಸವಿತ್ತು, ಕೊಳ್ಳುವವನಿಗೆ ಹೆಮ್ಮೆ ತರಲಿಲ್ಲ. ಏಸ್ ಎರಡನ್ನೂ ಒಂದಿಷ್ಟು ಕೊಟ್ಟಿತು. ವಿದ್ಯುತ್ ಟ್ರಕ್ಕಿನ ಭವಿಷ್ಯವೂ ಇದರಲ್ಲೇ ಇದೆ. ಹುಡುಗರಿಗೆ ಕಾರು ಕನಸು; ಕನಸು ತಪ್ಪಿದರೆ ಬೇಸರವಾದೀತು. ಕಾಕಾನಿಗೆ ಗಾಡಿ ತಿಂಗಳ ಕಂತು, ಮನೆಯ ಒಲೆ. ಅವರ ಲೆಕ್ಕ ತಪ್ಪಿದರೆ ಗಾಡಿಯೇ ಕೈತಪ್ಪುತ್ತದೆ.

ಅಂದು ಚಹಾ ಮುಗಿಸಿ ಎದ್ದ ಅವರು ಗಾಡಿಯ ಮುಂದಿನ ಗಾಜನ್ನು ವಲ್ಲಿಯಿಂದ ಒರೆಸಿ, ಮೇಲೆ ಬರೆಸಿದ್ದ ಯಲ್ಲಮ್ಮನ ಹೆಸರನ್ನೂ ಒಮ್ಮೆ ಒರೆಸಿಯೇ ಹೊರಟರು.