ನಾಳಕ್ಕೆ ಊರಿದ ಪಾದ

ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿದರೆ ಎಷ್ಟು ಉಜ್ಜಿದರೂ ಕಪ್ಪು ಹೋಗುವುದಿಲ್ಲ. ಹಿಸ್ಟಾಲಜಿ ಲ್ಯಾಬಿನಲ್ಲಿ ಸ್ಲೈಡ್ ಮಾಡಿಯೇ ನಿವೃತ್ತನಾದವನು ನಾನು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರು ಎಲೆ ಬಿಟ್ಟು ನನ್ನ ಬೆರಳನ್ನೇ ನೋಡುತ್ತಿದ್ದರು. ಕಮಿಲ್ಲೊ ಗಾಲ್ಜಿ ಎಂದರೆ ನೊಬೆಲ್ಲಿಗಿಂತ ಮೊದಲು ನನಗೆ ನೆನಪಾಗುವುದು ಆ ಕಪ್ಪೇ.

1872ರಲ್ಲಿ ಗಾಲ್ಜಿ ಮಿಲಾನ್ ಹತ್ತಿರದ ಅಬ್ಬಿಯಾತೆಗ್ರಾಸೊ ಊರಿಗೆ, ವಾಸಿಯಾಗದ ರೋಗಿಗಳ ಆಸ್ಪತ್ರೆಗೆ ವೈದ್ಯನಾಗಿ ಹೋದ. ಅಲ್ಲಿ ಲ್ಯಾಬ್ ಎಲ್ಲಿಂದ ಬರಬೇಕು? ಅಡುಗೆಮನೆಯಲ್ಲೇ ಸೂಕ್ಷ್ಮದರ್ಶಕ ಹೂಡಿದ. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಮಾಡಿದ ಮಿದುಳಿನ ಚೂರನ್ನು ಸಿಲ್ವರ್ ನೈಟ್ರೇಟಿನಲ್ಲಿ ನೆನೆಸುವ ವಿಧಾನವನ್ನು 1873ರಲ್ಲಿ ಪ್ರಕಟಿಸಿದ. ಅದರ ಗುಣವೇ ವಿಚಿತ್ರ: ಎಲ್ಲೋ ಕೆಲವು ಕೋಶಗಳು ಮಾತ್ರ, ಆದರೆ ಬುಡದಿಂದ ತುದಿಯವರೆಗೆ, ಕಪ್ಪಾಗುತ್ತವೆ. ಎಲ್ಲವೂ ಕಪ್ಪಾಗಿದ್ದರೆ ಮಸಿ ಚೆಲ್ಲಿದಂತಾಗಿ ಏನೂ ಕಾಣುತ್ತಿರಲಿಲ್ಲ.

ನರಕೋಶಗಳ ನಡುವೆ ಇರುವುದು ಬರೀ ಅಂಟು ಎಂದು ಜರ್ಮನ್ ವೈದ್ಯ ವಿರ್ಚೋ ಹೆಸರಿಟ್ಟಿದ್ದ ಕಾಲ ಅದು. ಆ ಅಂಟಿನೊಳಗೆ ಗಾಲ್ಜಿ ನಕ್ಷತ್ರದಂಥ ಕೋಶಗಳನ್ನು ಕಂಡ. ಅವುಗಳ ಒಂದೊಂದು ಎಳೆ ರಕ್ತನಾಳದವರೆಗೆ ಹೋಗಿ, ತುದಿಯಲ್ಲಿ ಅಗಲವಾಗಿ, ನಾಳಕ್ಕೆ ಪಾದ ಊರಿತ್ತು. ರಕ್ತದಿಂದ ನರಕೋಶಕ್ಕೆ ಆಹಾರ ಸಾಗುವ ದಾರಿ ಇದೇ ಎಂದು ಊಹಿಸಿದ. 'ಆಸ್ಟ್ರೋಸೈಟ್' ಎಂಬ ಹೆಸರು ಬಂದದ್ದು 1890ರ ದಶಕದಲ್ಲಿ, ಹಂಗೇರಿಯ ಲೆನ್ಹೊಸೆಕ್‌ನಿಂದ. ಮಿದುಳೆಲ್ಲ ಒಂದೇ ಬಲೆ ಎಂದು ವಾದಿಸುತ್ತಿದ್ದ ಗಾಲ್ಜಿ 1906ರ ನೊಬೆಲ್ಲನ್ನು ತನ್ನ ಎದುರಾಳಿ ಕಾಹಲ್ ಜೊತೆ ಹಂಚಿಕೊಳ್ಳಬೇಕಾಯಿತು. ಬಲೆಯ ವಾದ ಸೋತಿತು. ಪಾದ ಉಳಿಯಿತು.

ಉಳಿಯಿತು ನಿಜ, ತಪ್ಪು ಕೆಲಸಕ್ಕೆ ನೇಮಕವಾಗಿ. ರಕ್ತಕ್ಕೆ ಹಾಕಿದ ಬಣ್ಣ ಮಿದುಳಿಗೆ ಇಳಿಯುವುದಿಲ್ಲ ಎಂದು ಎರ್ಲಿಖ್ 1885ರಲ್ಲೇ ಕಂಡಿದ್ದ. ತಡೆಯುವ ಗೋಡೆ ಯಾವುದು? ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಾಳದ ಸುತ್ತ ಒತ್ತೊತ್ತಾಗಿ ಪಾದಗಳು ಕಂಡಾಗ ಗೋಡೆ ಅವೇ ಎಂದುಕೊಂಡವರು ಬಹಳ. ನಮ್ಮ ಮೇಷ್ಟ್ರೊಬ್ಬರೂ ಬೋರ್ಡಿನ ಮೇಲೆ ಹಾಗೇ ಬರೆದಿದ್ದರು. ಆದರೆ 1967ರಲ್ಲಿ ರೀಸ್ ಮತ್ತು ಕಾರ್ನೋವ್ಸ್ಕಿ ಇಲಿಯ ರಕ್ತಕ್ಕೆ ಪೆರಾಕ್ಸಿಡೇಸ್ ಎಂಬ ಕಿಣ್ವ ಸೇರಿಸಿ ನೋಡಿದರೆ, ಅದು ಪಾದದವರೆಗೆ ಬರಲೇ ಇಲ್ಲ. ನಾಳದ ಒಳಪದರದ ಬಿಗಿ ಬೆಸುಗೆಯಲ್ಲೇ ನಿಂತಿತು. ಹಾಗಾದರೆ ಪಾದಕ್ಕೇನು ಕೆಲಸ? 1987ರಲ್ಲಿ ಜಾನ್ಸರ್ ಮತ್ತು ರಾಫ್, ಮಿದುಳಿನ ಹೊರಗಿನ ನಾಳಗಳ ಪಕ್ಕದಲ್ಲಿ ಆಸ್ಟ್ರೋಸೈಟ್ ಇಟ್ಟರೆ ಆ ನಾಳಗಳೂ ಬಿಗಿಯಾಗುತ್ತವೆ ಎಂದು ತೋರಿಸಿದರು. ಗೋಡೆಯಲ್ಲದಿದ್ದರೂ ಗೋಡೆ ಕಟ್ಟಿಸುವ ಮೇಸ್ತ್ರಿ.

ನನ್ನ ಸ್ಲೈಡಿನಲ್ಲಿ ಮೊದಲ ಸಲ ಅಂಥ ಪಾದ ಕಂಡಾಗ ಬೆಳ್ಳಿಯ ಗಸಿ ಎಂದುಕೊಂಡು ಬಿಸಾಡಿದ್ದೆ.