ಚಕ್ಕಡಿಯ ಚಾತುರ್ಮಾಸ್ಯ

1880ರ ದಶಕದಲ್ಲಿ ಬೆಳಗಾವಿ, ಧಾರವಾಡಗಳಿಗೆ ರೈಲು ಬಂದಾಗಲೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳನ್ನು ಹಳಿ ಮುಟ್ಟಲಿಲ್ಲ. ಹತ್ತಿ, ಜೋಳ, ಕಡಲೆ, ಯಲ್ಲಮ್ಮನ ಗುಡ್ಡಕ್ಕೆ ಹೊರಟ ಮಂದಿ, ಎಲ್ಲವನ್ನೂ ಮುಂದೆಯೂ ತಲೆಮಾರುಗಟ್ಟಲೆ ಎಳೆದದ್ದು ಚಕ್ಕಡಿಯೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸಾಲುಗಟ್ಟಿ ಬರುತ್ತಿದ್ದ ಕೊಲ್ಲಾರಿ ಬಂಡಿಗಳ ನೆನಪು ಈಗಲೂ ಜನರ ಬಾಯಲ್ಲಿದೆ. ಆದರೆ ಅದೇ ಬಂಡಿ ಮಳೆಗಾಲದುದ್ದಕ್ಕೂ ಹೇಗೆ ನಿಂತಿರುತ್ತಿತ್ತು ಎಂಬ ಬಗ್ಗೆ ಮಾತು ಕಡಿಮೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದೂ ಓಡಿಸುವಷ್ಟೇ ತಿಳಿವಳಿಕೆ ಬೇಡುವ ಕೆಲಸ, ಆ ತಿಳಿವಳಿಕೆ ಈ ಸೀಮೆಗಿತ್ತು ಎಂಬುದೇ ನನ್ನ ವಾದ.

ಬಂಡಿಯ ವರ್ಷವನ್ನು ನೆಲ ಮತ್ತು ಕಡಲು ಎರಡೂ ಸೇರಿ ಗೊತ್ತುಮಾಡಿದ್ದವು. ಎರೆಭೂಮಿ ನೆನೆದರೆ ಗಾಲಿಗೆ ಮೆತ್ತಿಕೊಂಡ ಮಣ್ಣು ಬಿಡುವುದಿಲ್ಲ. ಗಾಲಿ ಹೂತರೆ ಎಂಥ ಜೋಡೆತ್ತಿಗೂ ಕೀಳಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಅಲ್ಲಿ ಹಡಗು ನಿಲ್ಲುವಂತಿರಲಿಲ್ಲ. ಆದ್ದರಿಂದ ಬೇಸಿಗೆ ಮುಗಿಯುವುದರೊಳಗೆ ಹೇರು ಇಳಿಸಿ ಬಂಡಿ ಮನೆ ಸೇರಬೇಕು. ಕಾರ ಹುಣ್ಣಿಮೆಯ ಹೊತ್ತಿಗೆ ಎತ್ತುಗಳ ಹೆಗಲು ಕುಂಟೆಗೆ, ಕೂರಿಗೆಗೆ ಮೀಸಲು. ಮತ್ತೆ ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಹೊರಡುವಾಗ ಬಂಡಿ ಸಿಂಗಾರಗೊಳ್ಳುತ್ತಿತ್ತು. ನಡುವಿನದು ಅದರ ಚಾತುರ್ಮಾಸ್ಯ.

ಈ ಬಿಡುವಿನಲ್ಲಿ ಬಂಡಿಗೆ ಏನು ಅಪಾಯ ಎಂಬುದು ಗಾಲಿಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕಂಬಾರ ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬಡಿಗ ಕೂಡಿಸಿದ ಕಟ್ಟಿಗೆಯ ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿಯುತ್ತಾನೆ. ಪಟ್ಟಿ ಕುಗ್ಗಿ ಗಾಲಿಯ ಒಂದೊಂದು ಬೆಸುಗೆಯನ್ನೂ ಬಿಗಿಹಿಡಿಯುತ್ತದೆ. ಕಟ್ಟಿಗೆ ಒಣಗಿದರೆ ಆ ಹಿಡಿತ ಸಡಿಲ, ನೆನೆದೇ ಇದ್ದರೆ ಕೊಳೆತ. ಮಲೆನಾಡ ಸೆರಗಿನ ಕಿತ್ತೂರಿನಲ್ಲಿ ತೇವದ ಭಯ ಹೆಚ್ಚು, ಒಣಸೀಮೆಯ ರಾಮದುರ್ಗದಲ್ಲಿ ಬಿರುಕಿನ ಭಯ ಹೆಚ್ಚು. ಹಾಗಾಗಿ ಬಂಡಿಗೆ ನೆರಳೂ ಬೇಕು, ಗಾಳಿಯೂ ಬೇಕು. ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಭಾರ ಎತ್ತಿದರೆ ಗಾಲಿಯ ಅಂಚು ಹಸಿ ನೆಲಕ್ಕೆ ತಾಗದು, ಗೆದ್ದಲು ಸುಲಭಕ್ಕೆ ಏರದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಅಚ್ಚನ್ನು ತುಕ್ಕಿನಿಂದ ಕಾಯುತ್ತದೆ. ಓಡುವಾಗ ಬಂಡಿಯಡಿ ಗೊಟ್ಟದಲ್ಲಿ ತೂಗುತ್ತಿದ್ದುದೂ ಅದೇ ಎಣ್ಣೆ. ನೊಗ, ಮಿಣಿ, ಹಗ್ಗಗಳಿಗೆ ಮನೆಯೊಳಗಿನ ಗೂಟವೇ ಜಾಗ, ಏಕೆಂದರೆ ತೊಗಲಿಗೂ ನಾರಿಗೂ ಮಳೆ, ಇಲಿ ಎರಡೂ ವೈರಿ.

ಇದರಲ್ಲಿ ಜಾಣತನವೇನು ಬಂತು, ಕೆಸರು ನಿಲ್ಲಿಸಿತು, ಬಂಡಿ ನಿಂತಿತು ಎನ್ನಬಹುದು. ಯಾವಾಗ ನಿಲ್ಲಿಸಬೇಕೆಂದು ಕೆಸರು ಹೇಳಿತು ನಿಜ; ಹೇಗೆ ನಿಲ್ಲಿಸಬೇಕೆಂದು ಹೇಳಿದ್ದು ಮನುಷ್ಯನ ಅನುಭವ. ಅದೇ ಕೆಸರಿನಲ್ಲಿ ಬಂಡಿಯನ್ನು ಬಯಲಿಗೆ ಬಿಟ್ಟು ಕೊಳೆಸಲೂ ಬರುತ್ತಿತ್ತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಈ ವ್ಯವಸ್ಥೆಯ ಬೆನ್ನಿಗೆ ಆಯದ ಕಟ್ಟುಪಾಡಿತ್ತು: ಬಡಿಗೇರ, ಕಂಬಾರರಿಗೆ ವರ್ಷದ ದುಡಿಮೆಗೆ ರಾಶಿಯ ಕಣದಲ್ಲಿ ಕಾಳು, ಅದೂ ಹುಟ್ಟಿನಿಂದ ಬಂದ ಕಸುಬಿಗೆ. ಆ ಏರುಪೇರನ್ನು ಮರಳಿ ಬಯಸುವುದು ತಪ್ಪು. ಆದರೆ ಆಯ ಹೋಗಲಿ ಎಂದವರು ಅರಿವೂ ಹೋಗಲಿ ಎನ್ನಬೇಕಿಲ್ಲ. ಆ ಅರಿವು ದುಡಿದ ಕೈಗಳದ್ದು. ಕಣದಲ್ಲಿ ಕಾಳು ಅಳೆದು ಕೊಟ್ಟವರದ್ದಲ್ಲ.

ರಬ್ಬರ್ ಟಾಯರು, ಟ್ರ್ಯಾಕ್ಟರು ಬಂದ ಮೇಲೆ ಇದೆಲ್ಲ ಹಳತಾಯಿತು ಎಂಬುದು ಮೂರನೆಯ ಮಾತು. ಹಳತಾದದ್ದು ಸಾಮಾನು, ಕಾರಣಗಳಲ್ಲ. ಸವದತ್ತಿ, ರಾಮದುರ್ಗದ ಕಡೆಯಿಂದ ದುಡಿಯಲು ಗೋವಾಕ್ಕೆ ಹೋಗುವವರು ಅಂಗಳದಲ್ಲಿ ಬಿಟ್ಟುಹೋಗುವ ಬೈಕಿಗೂ ಅದೇ ಮೂರು ವೈರಿಗಳು: ಒಂದೇ ಕಡೆ ಕೂತ ಭಾರ, ಒಳಗೆ ಸಿಕ್ಕಿಬಿದ್ದ ತೇವ, ಹೇಳದೆ ಬರುವ ಇಲಿ. ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಟಾಯರಿನ ಭಾರ ಇಳಿಯುತ್ತದೆ. ಬ್ಯಾಟರಿಯ ತಂತಿ ಬಿಚ್ಚಿಟ್ಟರೆ ಅದು ಬೇಗ ಬರಿದಾಗದು. ಸರಪಳಿಗೆ ಎಣ್ಣೆ ಹಚ್ಚಿದರೆ ತುಕ್ಕು ಹಿಡಿಯದು. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಮಳೆ ತಡೆದರೂ ತೇವವನ್ನು ಒಳಗೇ ಕೂಡಿಹಾಕುತ್ತದೆ. ಅಚ್ಚಿನ ಕೆಳಗೆ ಕಲ್ಲು ಕೊಟ್ಟವನಿಗೆ ಇದರಲ್ಲಿ ಯಾವುದೂ ಹೊಸದೆನಿಸುತ್ತಿರಲಿಲ್ಲ. ಗಾಡಿ ಬಿಟ್ಟು ಹೋಗುವ ಮುನ್ನ ಭಾರ ಎಲ್ಲಿ ಕೂತಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಒಮ್ಮೆ ಬಗ್ಗಿ ನೋಡುವುದು, ತಿರುಗಿ ಬಂದಾಗ ಅದು ಮತ್ತೆ ನಮ್ಮನ್ನು ಹೊರಲಿ ಎಂದು ಇಂದೇ ಮಾಡಿಡುವ ಕೆಲಸ.